ಮಾವನವರ ಅಪ್ಪುಗೆ

"ಇನ್ನು ಈ ಜನ್ಮದಲ್ಲಿ ಮೇಜು ಹತ್ತೋದಿಲ್ಲ!" ಎಂದು ದರ್ಜಿ ಕೊಮ್ಲಾನ್ ತನ್ನ ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟು ಘನಘೋರ ಶಪಥ ಮಾಡಿದ.

ಶಪಥಕ್ಕೆ ಕಾರಣವಿತ್ತು. ವೀದಾ ಊರಿನಲ್ಲಿ ಹೆಬ್ಬಾವು ಮನೆಗೆ ಬಂದರೆ ಯಾರೂ ಕೋಲು ಹುಡುಕುವುದಿಲ್ಲ. 'ಬನ್ನಿ ತಾತ' ಎಂದು ಬಗ್ಗಿ ನಮಸ್ಕರಿಸಿ, ಕೊರಳಿಗೆ ಹಾಕಿಕೊಂಡು ಹಾವಿನ ಗುಡಿಗೆ ಬಿಟ್ಟು ಬರುತ್ತಾರೆ. ಊರಿನ ತಾತಂದಿರೂ ಬಲು ಸಂಭಾವಿತರು. ಎರಡು ಮೂರು ಮೊಳಕ್ಕಿಂತ ಬೆಳೆಯುವುದಿಲ್ಲ, ಮುಟ್ಟಿದರೆ ನಾಚಿ ಉಂಡೆಯಾಗುತ್ತಾರೆ. ಕೊಮ್ಲಾನ್ ಮಾತ್ರ ಪರವೂರಿನವನು. ಮದುವೆ ಮಾತುಕತೆಗೆ ಹೋದ ದಿನ ಚಾಪೆಯಡಿಯಿಂದ ತಾತನೊಬ್ಬ ಇಣುಕಿದ್ದೇ ತಡ, ಇವನು ಊಟದ ಮೇಜಿನ ಮೇಲಿದ್ದ, ಒಂದು ಕಾಲು ಮೀನಿನ ಸಾರಿನಲ್ಲಿ! ಅಂದಿನಿಂದ ಅತ್ತೆ ಅಜೋವಿಯ ಬಾಯಲ್ಲಿ ಅವನ ಹೆಸರು 'ಮೇಜಿನಳಿಯ' ಎಂದೇ ಆಯಿತು.

ಹೆಂಡತಿ ಸೆನಾಮಿಯನ್ನು ಹೆರಿಗೆಗೆ ಕರೆದೊಯ್ಯುವಾಗ ಅತ್ತೆ ಬಾಗಿಲಲ್ಲೇ ನಿಂತು ಹೇಳಿದ್ದಳು. "ತಾತನ್ನ ಕಂಡು ಮೇಜು ಹತ್ತೋ ಗಂಡಸಿನ ಮನೇಲಿ ನನ್ ಮೊಮ್ಮಗು ಬೆಳೆಯೋದು ಬೇಡ. ಅವ್ರ ಜೊತೆ ಒಂದೇ ಸೂರಿನಡಿ ಇರೋದು ಕಲೀರಿ ಅಳಿಯಂದ್ರೇ, ಆಮೇಲೆ ಇವಳನ್ನ ಕಳಿಸ್ತೀನಿ."

ದೇವರು ದೊಡ್ಡವನು! ಅದೇ ವಾರ ಬಟ್ಟೆಯ ಗಂಟುಗಳ ನಡುವೆ ತಾತನೊಬ್ಬ ಪ್ರತ್ಯಕ್ಷ. ಕೊಮ್ಲಾನ್ ನಡುಗಿದ, ಬೆವೆತ, ಆದರೆ ಮೇಜು ಹತ್ತಲಿಲ್ಲ. ಕಣ್ಣು ಮುಚ್ಚಿಕೊಂಡೇ ನಮಸ್ಕರಿಸಿದ. ಗುಡಿಗೆ ಬಿಟ್ಟುಬಂದರೆ ಅತ್ತೆ ನಂಬುವಳೇ? ಕಣ್ಣಾರೆ ನೋಡಲಿ ಎಂದು ಬಟ್ಟೆಯ ದೊಡ್ಡ ಪೆಟ್ಟಿಗೆಯಲ್ಲೇ ಇರಿಸಿಕೊಂಡ. ಬಟ್ಟೆ ಕಡಿಯುತ್ತಿದ್ದ ಇಲಿಗಳೆಲ್ಲ ತಾತನ ಪಾಲಾದವು. ಇಲಿ ಮುಗಿದ ಮೇಲೆ ಕೋಳಿ ಬಂತು. ತಾತ ಬೆಳೆದರು, ಪೊರೆ ಬಿಟ್ಟರು, ಮತ್ತೆ ಬೆಳೆದರು. ಪಕ್ಕದ ಮನೆಯ ಬಾತುಕೋಳಿ ಎತ್ತಲೋ ಯಾತ್ರೆ ಹೋಯಿತು.

ಆದರೆ ಈ ತಾತ ಉಂಡೆಯಾಗುತ್ತಿರಲಿಲ್ಲ. ಮುಟ್ಟಿದರೆ ಬುಸ್ಸೆಂದು ಹೆಬ್ಬೆರಳಿಗೇ ಬಾಯಿ ಹಾಕುತ್ತಿದ್ದರು. ಕೊಮ್ಲಾನ್‌ಗೆ ತಲೆಬುಡ ತಿಳಿಯಲಿಲ್ಲ. ಯೋಚಿಸಿ ಯೋಚಿಸಿ ಒಂದು ದಿನ ಜ್ಞಾನೋದಯವಾಯಿತು. ಮಾತಿಗೆ ಮುಂಚೆ ಬುಸುಗುಡುವುದು, ಉಂಡರೆ ದಿನಗಟ್ಟಲೆ ಏಳದಿರುವುದು, ಅಳಿಯನನ್ನು ಕಂಡರೆ ಮುಖ ತಿರುಗಿಸುವುದು... ಇದೆಲ್ಲ ತೀರಿಹೋದ ಮಾವನವರ ಗುಣ!

ಸುದ್ದಿ ತಿಳಿದ ಸೆನಾಮಿ ಫೋನಿನಲ್ಲಿ ವಿಚಾರಿಸಿದಳು. "ತಾತ ಎಷ್ಟು ಉದ್ದ ಇದಾರ್ರೀ?"

"ಆರೋಗ್ಯವಾಗಿದಾರೆ."

"ನಾ ಕೇಳಿದ್ದು ಉದ್ದ. ಮುಟ್ಟಿದ್ರೆ ಉಂಡೆ ಆಗ್ತಾರಾ?"

ಕೊಮ್ಲಾನ್ ಬಟ್ಟೆ ಸುತ್ತಿದ ಹೆಬ್ಬೆರಳನ್ನು ನೋಡಿಕೊಂಡ. "ಸ್ವಾಭಿಮಾನಿ ಕಣೇ. ನಿಮ್ಮಪ್ಪ ಯಾವತ್ತಾದ್ರೂ ಯಾರಿಗಾದ್ರೂ ಮುದುಡಿದ್ದುಂಟಾ?"

ಆಚೆ ಕಡೆ ಮೂಗೆಳೆದುಕೊಂಡ ಸದ್ದು. "ಅಪ್ಪನೇ ಅಂತೀರಾ?"

"ನೀನೇ ಬಂದು ನೋಡು."

ಹುಟ್ಟಿ ತಿಂಗಳುಗಳಾಗಿದ್ದ ಮಗಳ ಮುಖವನ್ನು ಕೊಮ್ಲಾನ್ ಇನ್ನೂ ಫೋನಿನಲ್ಲೇ ನೋಡಿದ್ದ.

ತಾಯಿಮಗಳು ಭಾನುವಾರ ಬರುವುದೆಂದು ನಿಶ್ಚಯವಾಯಿತು. ಹೊಟ್ಟೆ ಉಬ್ಬಿಸಿಕೊಂಡು ಮಲಗಿರುವ ಮಾವನವರನ್ನು ಅತ್ತೆಗೆ ತೋರಿಸುವುದು ಚೆನ್ನಾಗಿರದೆಂದು ವಾರವಿಡೀ ಅವರಿಗೆ ಉಪವಾಸ. ಭಾನುವಾರ ಬೆಳಗ್ಗೆ ಕೊಮ್ಲಾನ್ ಕೈಯಾರೆ ಕೋಳಿ ತರಿದು, ಪುಕ್ಕ ಕಿತ್ತು, ಸಾರು ಮಾಡಿದ. ಅತ್ತೆಗೆಂದೇ ತಾಳೆಯ ಸಾರಾಯಿ ಸೊಡಾಬಿಯನ್ನು ಒಂದು ಬಾಟಲಿ ತಂದಿಟ್ಟ. ಅಷ್ಟರಲ್ಲಿ ಬಾಡಿಗೆ ಬೈಕುಗಳ ಸದ್ದು ಕೇಳಿಸಿತು. ಕೈ ತೊಳೆಯುವುದು ಮರೆತೇ ಹೋಯಿತು.

ಅತ್ತೆ ನೀರು ಕುಡಿದು, ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಕುಳಿತಳು. ಮಗು ಸೆನಾಮಿಯ ಬೆನ್ನ ಮೇಲೆ ನಿದ್ದೆ ಹೋಗಿತ್ತು. ಕೊಮ್ಲಾನ್ ಎದೆಯುಬ್ಬಿಸಿ ಪೆಟ್ಟಿಗೆಯ ಮುಚ್ಚಳ ತೆಗೆದ. "ಅತ್ತೆ, ಮಾವನವರು!"

ತೊಡೆಗಾತ್ರದ ಮಾವನವರು ನಿಧಾನವಾಗಿ ತಲೆಯೆತ್ತಿದರು. ಅತ್ತೆಯ ಬಾಯಿ ತೆರೆಯಿತು. ಮರುಗಳಿಗೆ, ದೇವರಾಣೆ, ಆ ದಪ್ಪ ಹೆಂಗಸು ಸೆನಾಮಿಯನ್ನೂ ಮಗುವನ್ನೂ ಎಳೆದುಕೊಂಡು ಮೇಜಿನ ಮೇಲಿದ್ದಳು!

"ಮುಚ್ಚಿ! ಮುಚ್ಚಿ ಅದನ್ನ! ಅದು ತಾತ ಅಲ್ಲ, ಮೇಕೆ ನುಂಗೋ ಕಾಡು ಜಾತಿದು!"

ಕೊಮ್ಲಾನ್ ಗೊಂದಲಕ್ಕೆ ಬಿದ್ದ. ಹೆಬ್ಬಾವನ್ನು ತಾತ ಎನ್ನುವ ಮನೆತನದ ಹೆಂಗಸು ಹೆಬ್ಬಾವಿಗೆ ಹೆದರುವುದುಂಟೇ? ತಟ್ಟನೆ ಹೊಳೆಯಿತು. ಪರೀಕ್ಷೆ! ಅಳಿಯನ ಧೈರ್ಯ ಪರೀಕ್ಷೆ! ಅವನು ಮುಗುಳ್ನಕ್ಕು, ಕೋಳಿ ವಾಸನೆಯ ಕೈ ಮುಂದೆ ಚಾಚಿ ಬಗ್ಗಿದ.

"ರೀ, ಮೇಜು ಹತ್ರೀ!" ಸೆನಾಮಿ ಕಿರುಚಿದಳು.

"ಸತ್ತರೂ ಹತ್ತಲ್ಲ!"

ಮಾವನವರು ಲಬಕ್ಕನೆ ತೋಳು ಕಚ್ಚಿದರು. ಮುಂದಿನ ಕ್ಷಣ ಅವನ ಎದೆಗೆ ಒಂದು ಸುತ್ತು, ಅದರ ಮೇಲೆ ಇನ್ನೊಂದು.

"ನೋಡಿ ಅತ್ತೆ... ಬದುಕಿದ್ದಾಗ ಒಂದು ದಿನಾನೂ... ಅಪ್ಪಿಕೊಂಡಿರ್ಲಿಲ್ಲ..."

"ನಮ್ಮೆಜಮಾನ್ರು ಸತ್ರೂ ನಿಮ್ಮನ್ನ ಅಪ್ಪಿಕೊಳ್ಳೋರಲ್ಲ ಕಣ್ರೀ! ಅಷ್ಟೂ ಗೊತ್ತಾಗಲ್ವಾ?"

"ಪ್ರೀತಿ... ಸ್ವಲ್ಪ... ಜಾಸ್ತಿ ಆಯ್ತು..." ಎನ್ನುವಷ್ಟರಲ್ಲಿ ಕೊಮ್ಲಾನ್‌ನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಸೆನಾಮಿ ಮಗುವನ್ನು ತಾಯಿಯ ಮಡಿಲಿಗೆ ಹಾಕಿ ಕೆಳಗೆ ಹಾರಿದಳು. ಬಾಟಲಿಯ ಬಿರಡೆ ಹಲ್ಲಿನಲ್ಲೇ ಕಿತ್ತು ಹಾವಿನ ಬಾಯಿಗೆ ಸೊಡಾಬಿ ಸುರಿದಳು.

"ಅಯ್ಯೋ, ಅದು ನನಗೆ ತಂದಿದ್ದು ಕಣೇ!" ಎಂದಳು ಅತ್ತೆ.

ಹಲ್ಲು ಸಡಿಲಾಯಿತು. ಸೆನಾಮಿ ಬಾಲದ ತುದಿ ಹಿಡಿದು ಒಂದೊಂದೇ ಸುತ್ತು ಬಿಚ್ಚುತ್ತ ಬಂದಳು. ಆಮೇಲೆ ಗಂಡಹೆಂಡಿರಿಬ್ಬರೂ ಸೇರಿ ಅದನ್ನು ಪೆಟ್ಟಿಗೆಗೆ ತುರುಕಿ ಮುಚ್ಚಳದ ಮೇಲೆ ಕುಳಿತರು. ಕೊಮ್ಲಾನ್ ಮೊದಲು ಉಸಿರೆಳೆದ, ಆಮೇಲೆ ಅತ್ತ. ಸೆನಾಮಿ ಅವನ ಬೆನ್ನಿಗೆ ಗುದ್ದುತ್ತ ತಾನೂ ಅತ್ತಳು. "ಮೇಕೆ ನುಂಗೋದನ್ನ ಯಾರಾದ್ರೂ ಮನೇಲಿ ಸಾಕ್ತಾರೇನ್ರೀ? ಮಗು ಅಂಬೆಗಾಲಿಡೋ ಮನೆ ಇದು!"

ಅರಣ್ಯ ಇಲಾಖೆಯವರು ಬಂದು ಪೆಟ್ಟಿಗೆ ಸಮೇತ ಮಾವನವರನ್ನು ಸಾಗಿಸಿದರು. ಅತ್ತೆ ಮೇಜಿನಿಂದ ಇಳಿದು, ಸೀರೆಯಂತೆ ಸುತ್ತಿದ್ದ ಬಟ್ಟೆ ಸರಿಮಾಡಿಕೊಂಡು, ಬಾಟಲಿಯ ತಳದಲ್ಲಿ ಉಳಿದಿದ್ದನ್ನು ಗಂಟಲಿಗೆ ಹಾಕಿಕೊಂಡಳು.

"ಮಗಳನ್ನ ಬಿಟ್ಟು ಹೋಗ್ತೀನಿ. ನಿಮ್ಮನ್ನ ಒಬ್ರನ್ನೇ ಬಿಟ್ರೆ ಮುಂದಿನ ಸಲ ಮೊಸಳೆ ತಂದು ಅತ್ತೆ ಅಂತೀರಿ."

ಕೊಮ್ಲಾನ್ ಮಗಳನ್ನು ಮೊದಲ ಸಲ ಎತ್ತಿಕೊಂಡ. ಅವಳು ಅವನ ಮೂಗು ಹಿಡಿದು ನಕ್ಕಳು. ಊದಿದ ಪಕ್ಕೆಲುಬು, ಬಟ್ಟೆ ಸುತ್ತಿದ ತೋಳು, ಯಾವುದೂ ನೋಯಲಿಲ್ಲ. ಮೇಜಂತೂ ಹತ್ತಲಿಲ್ಲವಲ್ಲ!

ಸಂಜೆ ಎಲ್ಲರೂ ಉಣ್ಣಲು ಕುಳಿತಾಗ ಹೊಸ್ತಿಲ ಮೇಲೆ ಏನೋ ಸರಿದಾಡಿತು. ಕೈಗಾತ್ರದ ಪುಟ್ಟ ತಾತ, ಅಸಲಿ, ನಾಲಿಗೆ ಚಾಚುತ್ತ ಒಳಗೆ ಬಂದರು. ಅತ್ತೆ ಬಗ್ಗಿ ನಮಸ್ಕರಿಸಿದಳು. ಸೆನಾಮಿ ನಮಸ್ಕರಿಸಿದಳು. ಮಗು ಸೆನಾಮಿಯ ಮಡಿಲಲ್ಲಿ ಕೇಕೆ ಹಾಕಿತು.

ಕೊಮ್ಲಾನ್ ಎಲ್ಲಿ? ಮೇಜಿನ ಮೇಲೆ! ಯಾವಾಗ ಹತ್ತಿದನೋ ಅವನಿಗೇ ಗೊತ್ತಿಲ್ಲ.

"ಇಳೀರಿ, ಇವ್ರು ನಿಜವಾದ ತಾತ," ಎಂದಳು ಸೆನಾಮಿ.

"ಮೊದ್ಲು ಮುಟ್ಟಿ ನೋಡು! ಉಂಡೆ ಆದ್ರೆ ಇಳೀತೀನಿ!"

ಸೆನಾಮಿ ಮುಟ್ಟಿದಳು. ತಾತ ತಲೆಯನ್ನು ಒಳಗೆ ಹುದುಗಿಸಿಕೊಂಡು ಉಂಡೆಯಾದರು. ಕೊಮ್ಲಾನ್ ಇಳಿಯಲಿಲ್ಲ. ಮೊಣಕಾಲಿಗೆ ಗಲ್ಲ ಹಚ್ಚಿ, ಕಣ್ಣು ಮುಚ್ಚಿ, ಇನ್ನಷ್ಟು ಮುದುಡಿ ಕುಳಿತ.

ಅತ್ತೆ ನೆಲದ ಮೇಲಿನ ಉಂಡೆ ನೋಡಿದಳು, ಮೇಜಿನ ಮೇಲಿನದನ್ನೂ ನೋಡಿದಳು. "ಸೆನಾಮಿ, ಇಬ್ಬರಲ್ಲಿ ಯಾರನ್ನ ಗುಡಿಗೆ ಬಿಟ್ಟು ಬರ್ಲಿ?"