ವೇಳೆ ಮೀರಿ ಆಕ್ಷೇಪಣೆ ಎತ್ತುವ ನನ್ನ ಹೃದಯದವರಿಗೆ

ನನ್ನ ಎದೆಯ ಎಡಭಾಗದಲ್ಲಿ ಹುಟ್ಟಿದಂದಿನಿಂದ ಒಂದು ದಿನವೂ ರಜೆ ಹಾಕದೆ ಸೇವೆ ಸಲ್ಲಿಸುತ್ತಿರುವ ಹೃದಯದವರ ಸನ್ನಿಧಿಗೆ, ಅರಸೀಕೆರೆಯಿಂದ ಹೇಮಾಶ್ರೀ ಮಾಡುವ ಸವಿನಯ ನಮಸ್ಕಾರಗಳು.

ಮಾನ್ಯರೇ,

ಈ ದಿನ ಬೆಳಿಗ್ಗೆ ಹಾಸಿಗೆ ಸುತ್ತುವಾಗ ನನ್ನ ದಿಂಬಿನ ಕೆಳಗೆ ಎರಡು ವಸ್ತುಗಳು ಅಕ್ಕಪಕ್ಕ ಮಲಗಿದ್ದುದನ್ನು ಕಂಡೆ. ಒಂದು, ಕೆಟ್ಟ ಕನಸು ಬೀಳದಿರಲೆಂದು ಅಜ್ಜಿ ಇಟ್ಟಿದ್ದ ಕಬ್ಬಿಣದ ಅಡಕತ್ತರಿ. ಇನ್ನೊಂದು, ಬೆರಳಿಗೆ ಸಿಕ್ಕಿಸಿದರೆ ನಾಡಿಯ ಬಡಿತ ತೋರಿಸುವ, ಕೊರೊನಾ ಕಾಲದಲ್ಲಿ ಅಪ್ಪ ಕೊಂಡು ಆಮೇಲೆ ಮರೆತಿದ್ದ ಪುಟ್ಟ ಯಂತ್ರ. ಅಡಕತ್ತರಿ ಬಾಯಿ ತೆರೆದುಕೊಂಡಿತ್ತು, ಯಂತ್ರ ಬಾಯಿ ಮುಚ್ಚಿಕೊಂಡಿತ್ತು. ಒಬ್ಬ ಹುಡುಗಿಯ ಒಂದು ಎದೆಗೆ ಇಷ್ಟು ಕಾವಲು ಹಾಕಿಸಿದ ತಮಗೆ ಒಂದು ಪತ್ರವನ್ನಾದರೂ ಬರೆಯದಿರುವುದು ಸೌಜನ್ಯವಲ್ಲ ಅನ್ನಿಸಿತು. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ರಾತ್ರಿಯ ಚಟುವಟಿಕೆ ನಮ್ಮ ಬೀದಿಗೆಲ್ಲ ಗೊತ್ತಾಗಿದ್ದು, ನನ್ನನ್ನು ನೋಡಿಹೋದ ಅರೇಹಳ್ಳಿಯವರಿಗೆ ಮಾತ್ರ ತಿಳಿಯುವುದು ಬಾಕಿಯಿದೆ.

ಮೊದಲಿಗೆ ತಮ್ಮ ಕಾರ್ಯದಕ್ಷತೆಯನ್ನು ಮೆಚ್ಚಿಕೊಳ್ಳಲು ಅನುಮತಿ ಕೊಡಿ. ಊರೆಲ್ಲ ಮಲಗಿರುವಾಗ, ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ಗೂಡ್ಸ್ ಗಾಡಿಯ ಹಾಗೆ ತಾವು ನನ್ನ ಪಕ್ಕೆಲುಬುಗಳನ್ನೆಲ್ಲ ನಡುಗಿಸಿಕೊಂಡು ಹೊರಡುತ್ತೀರಿ. ನಾನು ಎದ್ದು ಕುಳಿತು, ಬೆವರಿದ ಕೈಯಲ್ಲಿ ಚೊಂಬು ಹುಡುಕಿ, ನೀರು ಕುಡಿದು, ಇದು ಸಾವೋ ಅಜೀರ್ಣವೋ ಎಂದು ಯೋಚಿಸುತ್ತಿರುವಾಗ ತಾವು ಯಾವ ವಿವರಣೆಯನ್ನೂ ಕೊಡದೆ ನಿಧಾನವಾಗಿ ಯಥಾಸ್ಥಿತಿಗೆ ಮರಳುತ್ತೀರಿ. ಸಂಬಳವಿಲ್ಲದೆ ರಾತ್ರಿಪಾಳಿ ಮಾಡುವ ಇಂಥ ಸಿಬ್ಬಂದಿ ಯಾವ ಇಲಾಖೆಗೆ ಸಿಕ್ಕೀತು? ಆದರೆ ಹಗಲಿನಲ್ಲಿ, ಅದೂ ತಮ್ಮ ಅಭಿಪ್ರಾಯ ಅಗತ್ಯವಾಗಿ ಬೇಕಾಗಿದ್ದ ಹೊತ್ತಿನಲ್ಲಿ, ತಾವು ಎಲ್ಲಿದ್ದಿರಿ ಎಂಬುದೇ ನನ್ನ ಅಹವಾಲು.

ಆ ಹೊತ್ತನ್ನು ನೆನಪಿಸುತ್ತೇನೆ. ಕಳೆದ ತಿಂಗಳು ಅರೇಹಳ್ಳಿಯ ಇಂದುಧರ ಎಂಬವರು ತಮ್ಮ ಮನೆಯವರೊಂದಿಗೆ ನನ್ನನ್ನು ನೋಡಲು ಬಂದಿದ್ದರು. ಎರಡು ಊರಿಗೂ ನಡುವೆ ಆಗುತ್ತದೆಂದು ಹಳೇಬೀಡಿನ ಗುಡಿಯ ಮುಂದಿನ ಹುಲ್ಲಿನ ಮೇಲೆ ಜಮಖಾನ ಹಾಸಿ ಕುಳಿತೆವು. ಹುಡುಗ ಕೆಟ್ಟವರಲ್ಲ. ಬಿಸಿಲು ನನ್ನ ಮುಖಕ್ಕೆ ಬೀಳುತ್ತಿದೆಯೆಂದು ಅಡ್ಡವಾಗಿ ಅವರೇ ಸರಿದು ಕುಳಿತರು. ಅವರ ಸೋದರತ್ತೆ ಮಾತ್ರ ನಾನು ಜಾವಗಲ್ಲಿನ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆಂದು ಕೇಳಿ, "ಪಾಪ, ದಿನಾ ಬಸ್ಸಲ್ಲಿ ಒದ್ದಾಡ್ತಿದ್ಯೇನಮ್ಮ? ಇನ್ನು ಆ ತಾಪತ್ರಯ ಇಲ್ಲ ಬಿಡು. ನಮ್ಮನೇಲಿ ಹೆಣ್ಮಕ್ಳನ್ನ ಕೆಲ್ಸಕ್ಕೆ ಕಳಿಸಲ್ಲ" ಎಂದು ನನ್ನ ತಲೆ ಸವರಿದರು. ತರಗತಿಯಲ್ಲಿ ಮೂರು ಬೆಂಚಿನಾಚೆ ಕೇಳಿಸದಿದ್ದ ನನ್ನ ದನಿಗೆ, ಕೊನೆಯ ಬೆಂಚಿನ ಹರ್ಷಿತಾ ಎಂಬ ಹುಡುಗಿ "ಮಿಸ್, ಇವತ್ತು ಕೇಳುಸ್ತು" ಎಂದು ಸರ್ಟಿಫಿಕೇಟು ಕೊಟ್ಟು ಇನ್ನೂ ಒಂದು ವಾರವೂ ಆಗಿರಲಿಲ್ಲ. ತಾವು ಬಡಿದುಕೊಳ್ಳಬೇಕಾಗಿದ್ದ ಗಳಿಗೆ ಅದು. ತಾವು ಗುಡಿಯ ಗೋಡೆಯ ಮೇಲಿನ ಕಲ್ಲಾನೆಗಳ ಸಾಲಿನಲ್ಲಿ ಒಬ್ಬರಾಗಿ ನಿಂತುಬಿಟ್ಟಿರಿ.

ಆಮೇಲೆ ನಡೆದದ್ದಕ್ಕೆ ತಮ್ಮೊಬ್ಬರನ್ನೇ ದೂರುವುದಿಲ್ಲ. ಹುಡುಗಿಯ ಬಾಯಿಂದ ಹೂಂ ಅನ್ನಿಸುವುದು ಸಂಕೋಚವೆಂದು ಆ ಮನೆತನದಲ್ಲೊಂದು ಪದ್ಧತಿ ಇದೆ: ಕೊಬ್ಬರಿ ಬೆಲ್ಲ ಮುಂದಿಡುತ್ತಾರೆ, ಹುಡುಗಿ ಬಾಯಿಗೆ ಹಾಕಿಕೊಂಡರೆ ಒಪ್ಪಿಗೆ. ಇದನ್ನು ಅಮ್ಮ ಬಸ್ಸಿನಲ್ಲಿ ನನಗೆ ಹೇಳಿಯೇ ಇದ್ದರು. ಆದರೆ ನಾನು ಕೊಬ್ಬರಿ ಮಂಡಿಯ ಶಿವಪ್ರಕಾಶರ ಮಗಳು. ನಮ್ಮ ಮನೆಯಲ್ಲಿ ಕೈಗೆ ಕೊಬ್ಬರಿ ಬಂದರೆ ಮೊದಲು ಮೂಸಿ, ಮುಗ್ಗಲು ವಾಸನೆ ಇಲ್ಲವೆಂದು ನೋಡಿ, ಆಮೇಲೆ ಅಂಚನ್ನು ಹಲ್ಲಿನಿಂದ ಕಚ್ಚಿ ಎಣ್ಣೆ ಎಷ್ಟಿದೆಯೆಂದು ಪರೀಕ್ಷಿಸುವುದು ಬಾಲ್ಯದಿಂದ ಬಂದ ಅಭ್ಯಾಸ. ಸೋದರತ್ತೆ ಸ್ಟೀಲ್ ಡಬ್ಬಿ ತೆರೆದು ಮುಂದೆ ಹಿಡಿದರು. ನಾಚಿಕೆಗೆ ಎಲ್ಲಿ ನೋಡುವುದೆಂದು ತಿಳಿಯದ ನಾನು ಕೊಬ್ಬರಿಯನ್ನೇ ನೋಡಿದೆ. ತೆಗೆದುಕೊಂಡೆ, ಮೂಸಿದೆ, ಕಚ್ಚಿದೆ. ಸರಕು ಚೆನ್ನಾಗಿಯೇ ಇತ್ತು.

"ಒಪ್ಕಂಡ್ಲು ಕಣ್ರೀ! ಕೇಳೋಕೆ ಮುಂಚೇನೇ ಬಾಯಿಗ್ ಹಾಕ್ಕಂಡ್ಲು!" ಎಂದು ಅವರು ಕೂಗಿದ ರಭಸಕ್ಕೆ, ಗೈಡಿನ ಹಿಂದೆ ನಿಂತಿದ್ದ ಪ್ರವಾಸಿಗಳು ಗುಡಿಯನ್ನು ಬಿಟ್ಟು ನನಗೆ ಚಪ್ಪಾಳೆ ತಟ್ಟಿದರು. ಅಪ್ಪ ಒಂದು ಸಲ ನನ್ನ ಮುಖ ನೋಡಿದರು. ಕಚ್ಚಿದ ರೀತಿ ಅವರಿಗೆ ಗುರುತು ಸಿಕ್ಕಿತೇನೋ ಎಂದು ನಾನು ಕಾದೆ. ಅವರು ಶಿಲ್ಪಕಲೆಯ ಕಡೆ ತಿರುಗಿದರು. ನನ್ನ ಹಲ್ಲಿನ ಗುರುತಿರುವ ಆ ತುಂಡನ್ನು ಅಮ್ಮ ಅರಿಶಿನದ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟು, ದಿನವೂ ಅದಕ್ಕೆ ಊದುಬತ್ತಿ ಬೆಳಗುತ್ತಿದ್ದಾರೆ.

ಅಂದಿನ ರಾತ್ರಿಯಿಂದ ತಾವು ಕೆಲಸ ಶುರುಮಾಡಿದಿರಿ. ಆಕ್ಷೇಪಣೆ ಸಲ್ಲಿಸುವ ವೇಳೆ ಮುಗಿದು, ಕಚೇರಿಗೆ ಬೀಗ ಹಾಕಿದ ಮೇಲೆ ಬಾಗಿಲು ಬಡಿಯುವ ಅರ್ಜಿದಾರರನ್ನು ನಾನು ಎಲ್ಲೂ ಕಂಡಿಲ್ಲ. ಅಪ್ಪ ಅಮ್ಮ ತಮ್ಮನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಅಲ್ಲಿ ತಾವು ಇಸಿಜಿ ಯಂತ್ರದ ಮುಂದೆ ತೋರಿದ ಸದ್ವರ್ತನೆಯನ್ನು ಎಷ್ಟು ಹೊಗಳಿದರೂ ಸಾಲದು. ಇನ್ಸ್‌ಪೆಕ್ಟರು ಬಂದ ದಿನದ ಶಾಲೆಯ ಮಕ್ಕಳ ಹಾಗೆ ಒಂದೇ ಅಂತರದಲ್ಲಿ, ಒಂದೇ ಎತ್ತರದಲ್ಲಿ ಸಾಲಾಗಿ ನಡೆದಿರಿ. "ಹಾರ್ಟಿಗೇನೂ ಆಗಿಲ್ಲ, ಯಾವ್ದೋ ಟೆನ್ಶನ್ನು. ಕಾಫಿ ಬಿಡ್ಲಿ" ಎಂದರು ಡಾಕ್ಟರು. ಅಮ್ಮ ಗಾಬರಿಯಾದದ್ದು ಟೆನ್ಶನ್ ಎಂಬ ಮಾತಿಗಲ್ಲ. ಹೊರಗೆ ಬಂದವರೇ ಅಪ್ಪನ ಕೈ ಹಿಡಿದು, "ಕಾಫಿ ಆಗಲ್ಲ ಅನ್ನೋದನ್ನ ಅರೇಹಳ್ಳಿಯವ್ರ ಕಿವಿಗೆ ಹಾಕ್ಬೇಡಿ ಕಣ್ರೀ, ಅವರ ತೋಟನೇ ಕಾಫೀದು" ಎಂದರು.

ಈಗ ನನ್ನ ಬೇಡಿಕೆಗಳು. ತಾವು ದಯಮಾಡಿ ಹಗಲುಪಾಳಿಗೆ ಬದಲಾಗಬೇಕು. ಅದು ಸಾಧ್ಯವಾಗದಿದ್ದರೆ, ಒಂದು ಗೇಣು ಮೇಲಿರುವ ಗಂಟಲಿಗೆ ವರ್ಗಾವಣೆ ಪಡೆದು, ಅಲ್ಲಿಂದ ಸ್ಪಷ್ಟ ಕನ್ನಡದಲ್ಲಿ ಮಾತಾಡಬೇಕು. ಅದೂ ಆಗದಿದ್ದರೆ ಸೋದರತ್ತೆಯವರ ಎದೆಯಲ್ಲಿ ಒಂದು ರಾತ್ರಿಯ ಮಟ್ಟಿಗೆ ಎರವಲು ಸೇವೆ ಸಲ್ಲಿಸಿ ಬರಬೇಕು. ಇವೆಲ್ಲ ಅಸಾಧ್ಯವೆಂದು ಬಲ್ಲೆ. ತಮ್ಮನ್ನು ಸುಮ್ಮನಾಗಿಸುವ ಸಾಧ್ಯವಾದ ದಾರಿಯೊಂದನ್ನು ನಿನ್ನೆ ರಾತ್ರಿ ಅಜ್ಜಿ ದೇವೀರಮ್ಮ ಹೇಳಿಕೊಟ್ಟರು. ಈ ಪತ್ರಕ್ಕೆ ನಿಜವಾದ ಕಾರಣ ಅದೇ.

ನಾನು ಎದ್ದು ಕುಳಿತಾಗ ಅವರೂ ಎದ್ದರು. ಅಟ್ಟದ ಮೇಲೆ ಒಣಗಿಸಿಟ್ಟ ತೆಂಗಿನಕಾಯನ್ನು ಅಲುಗಾಡಿಸಿ, ಒಳಗೆ ಕೊಬ್ಬರಿ ಕಳಚಿಕೊಂಡಿದೆಯೇ ಎಂದು ಕೇಳುವ ಹಾಗೆ ನನ್ನ ಎದೆಗೆ ಕಿವಿಯಿಟ್ಟರು. "ಏನೂ ಇಲ್ಲ ಕಣೇ. ಗಂಡನ ಮನೆ ಅಂದ್ರೆ ಎಲ್ಲಾರ್ಗೂ ಹಿಂಗೇಯ. ನಂಗೂ ಲಗ್ನ ಗೊತ್ತಾದಾಗ ಹಿಂಗೇ ಹೊಡ್ಕೋತಿತ್ತು" ಎಂದರು. ಅದು ಯಾವಾಗ ನಿಂತಿತು ಎಂದು ಕೇಳಿದೆ. ಅಜ್ಜಿ ಸೆರಗು ಹೊದ್ದು, ಮಗ್ಗುಲಾಗಿ, ಗೋಡೆಗೆ ಹೇಳುವವರಂತೆ ಹೇಳಿದರು: "ನಿಲ್ಲೋದೆಲ್ ಬಂತು. ನಾನೇ ಕೇಳೋದ್ ಬಿಟ್ಟೆ."

ಮಾನ್ಯರೇ, ಆಮೇಲೆ ಬೆಳಗಾಗುವವರೆಗೂ ನನಗೆ ನಿದ್ದೆ ಬರಲಿಲ್ಲ. ಈ ಸಲ ಅದಕ್ಕೆ ಕಾರಣ ತಾವಲ್ಲ.

ನಾಳೆ ಅಪ್ಪ ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಅರೇಹಳ್ಳಿಗೆ ಹೊರಡುತ್ತಾರೆ. ಮನೆಯಲ್ಲಿ ಅವರು ಅಪ್ಪ. ಅಪ್ಪನ ಮುಂದೆ ನನ್ನ ದನಿ ಮೂರು ಬೆಂಚು ದಾಟುವುದಿಲ್ಲ. ಮಂಡಿಯಲ್ಲಿ ಅವರು ವ್ಯಾಪಾರಸ್ಥರು, ಗಿರಾಕಿ ಹೇಳಿದ್ದನ್ನು ಪೂರ್ತಿ ಕೇಳುತ್ತಾರೆ. ಕಚ್ಚಲು ಹಿಂಜರಿಯುವ ಹೊಸ ಗಿರಾಕಿಗಳಿಗೆ ಅವರು ದಿನವೂ ಹೇಳುವ ಮಾತೊಂದನ್ನು ನಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇನೆ: "ಧೈರ್ಯವಾಗಿ ಕಚ್ ನೋಡಿ ಸ್ವಾಮಿ. ಕಚ್ಚಿದ್ ಮಾತ್ರಕ್ಕೆ ನಿಮ್ ತಲೆಗೆ ಕಟ್ಟಲ್ಲ."

ಆದ್ದರಿಂದ ಇಂದು ಮಧ್ಯಾಹ್ನ ಅಪ್ಪನ ಊಟದ ಕ್ಯಾರಿಯರನ್ನು ಮಂಡಿಗೆ ನಾನೇ ಒಯ್ಯುತ್ತೇನೆ. ದೇವರ ಗೂಡಿನ ಅರಿಶಿನದ ಬಟ್ಟೆಯನ್ನೂ ಜೊತೆಗೆ ಒಯ್ದು, ತಕ್ಕಡಿಯ ಮುಂದೆ ಬಿಚ್ಚಿಟ್ಟು, ಇದು ಸ್ಯಾಂಪಲ್ ಅಷ್ಟೇ ಅಪ್ಪಾ, ನಾನು ವ್ಯಾಪಾರ ಒಪ್ಪಿಲ್ಲ ಎಂದು ಹೇಳುತ್ತೇನೆ. ಕೊನೆಯ ಬೆಂಚಿಗೆ ಕೇಳುವಷ್ಟು ಗಟ್ಟಿಯಾಗಿ.

ತಮ್ಮ ವಿಶ್ವಾಸಿ,
ಹೇಮಾಶ್ರೀ

ವಿ.ಸೂ.: ಆ ಹೊತ್ತಿನಲ್ಲಿ ತಾವು ಎಷ್ಟು ಜೋರಾಗಿ ಬೇಕಾದರೂ ಬಡಿದುಕೊಳ್ಳಬಹುದು, ಅನುಮತಿ ಇದೆ. ಹಳೇಬೀಡಿನಲ್ಲಿ ಉಳಿಸಿಕೊಂಡ ಬಾಕಿಯನ್ನು ಮಂಡಿಯಲ್ಲೇ ತೀರಿಸಿಬಿಡಿ. ಹಾಗೆಯೇ, ಪಕ್ಕದ ಹಾಸಿಗೆಯಲ್ಲಿರುವ ದೇವೀರಮ್ಮನವರ ಹೃದಯದವರು ತಮಗೆ ಪರಿಚಿತರಿದ್ದರೆ, ಅವರು ಮದುವೆಗೆ ಮುಂಚೆ ಕೊಟ್ಟ ಅರ್ಜಿ ಇನ್ನೂ ವಿಚಾರಣೆಗೆ ಬಂದಿಲ್ಲವೆಂದು ತಿಳಿಸಿ. ಅಡಕತ್ತರಿಯನ್ನು ಇಂದು ರಾತ್ರಿಯಿಂದ ಅವರ ದಿಂಬಿನ ಕೆಳಗೇ ಇಡುತ್ತೇನೆ.