ಬೋರ್ಡು ಮುದ್ದೇಬಿಹಾಳದ್ದು, ಬಸ್ಸು ಬಾಗೇವಾಡಿಗೆ

ಬಾಗೇವಾಡಿಯ ಕಾಲೇಜೊಂದು ಕನ್ನಡ ಉಪನ್ಯಾಸಕ ಹುದ್ದೆಯ ಸಂದರ್ಶನದ ಪತ್ರದ ಕೊನೆಗೆ ‘ಆಧುನಿಕೋತ್ತರ ಸಿದ್ಧಾಂತ ಮತ್ತು ಸಮಕಾಲೀನ ಸಾಹಿತ್ಯದ ಬಗ್ಗೆ ಕೇಳಲಾಗುವುದು’ ಎಂದು ಒಂದು ಸಾಲು ಸೇರಿಸದೆ ಇದ್ದಿದ್ದರೆ ಸುನೀಲಕುಮಾರನ ಪಾಡು ಅಷ್ಟು ಕೆಡುತ್ತಿರಲಿಲ್ಲ. ಹಳಗನ್ನಡವಾದರೆ ಅವನು ನಿದ್ದೆಗಣ್ಣಲ್ಲೂ ಹೇಳುತ್ತಿದ್ದ. ೨೦೦೧ರಲ್ಲಿ ಇದು ಅವನ ನಾಲ್ಕನೆಯ ಸಂದರ್ಶನ. ನೌಕರಿ ಸಿಕ್ಕ ಮೇಲೆಯೇ ಹೆಣ್ಣು ಕೊಡುವುದೆಂದು ಸೋದರಮಾವ ಕಡ್ಡಿ ಮುರಿದಂತೆ ಹೇಳಿದ್ದ.

ಸಿಂದಗಿಯಲ್ಲಿ ಬಸ್ಸು ಹತ್ತಿ ಝೆರಾಕ್ಸ್ ಹಾಳೆ ಬಿಚ್ಚಿದ. ‘ಅರ್ಥವು ಸದಾ ಮುಂದೂಡಲ್ಪಡುತ್ತದೆ’ ಎಂಬ ಸಾಲನ್ನು ಆರು ಸಲ ಓದಿದ. ತಲೆಯೊಳಗೆ ಯಾರೋ ಎತ್ತು ಕಟ್ಟಿ ಕಣದಲ್ಲಿ ತೆನೆ ತುಳಿಸುವ ಹಂತಿ ಹೊಡೆಯುತ್ತಿರುವಂತಾಯಿತು.

ಪಕ್ಕದಲ್ಲಿದ್ದ ತಾಂಬಾದ ಶಂಕ್ರೆಪ್ಪ ಇಣುಕಿದ. “ಏನ್ ಓದಾಕತ್ತೀರಿ ಸರ?”

“ಆಧುನಿಕೋತ್ತರ ರೀ.”

“ಉತ್ತರ ಆತು. ಪ್ರಶ್ನಿ ಏನೈತ್ರಿ?”

“ಅದ ತಿಳಿವಲ್ದು ನೋಡ್ರಿ. ಬರದ ಮಾತಿಗೆ ಒಂದ ಅರ್ಥ ಇರಂಗಿಲ್ಲಂತ. ಬರದವನ್ನ ಕೇಳಿದ್ರೂ ಉಪಯೋಗಿಲ್ಲಂತ.”

ಹಿಂದಿನ ಸೀಟಿನಲ್ಲಿ ಸೊಸೆಯ ಜೊತೆ ಕೂತಿದ್ದ ಹುಲಿಗೆವ್ವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು. “ಇದರಾಗ ತಿಳೀಲಾರದ್ದೇನೈತೋ ತಮ್ಮಾ? ಈ ಬಸ್ಸಿಗೆ ಮುಂದ ಮುದ್ದೇಬಿಹಾಳ, ಹಿಂದ ಇಂಡಿ ಅಂತ ಬೋರ್ಡ್ ಐತಂತ, ಸೊಸಿ ಓದಿ ಹೇಳಿದ್ಲು. ಹೊಂಟಿದ್ದು ಬಾಗೇವಾಡಿಗೆ. ಬೋರ್ಡ್ ಬರದವನ್ನ ಹುಡಿಕ್ಕೋಂತ ಹೋದ್ರ ಬಸ್ ತಪ್ತೈತಿ. ಒಳಗ ಕುಂತ ಮಂದೀನ ಕೇಳಿ ಹತ್ತಬೇಕು.”

ಸುನೀಲಕುಮಾರ ಎದ್ದು ನಿಂತುಬಿಟ್ಟ. ಬೋರ್ಡೇ ಕೃತಿ, ಬರೆದವನೇ ಲೇಖಕ, ಕೂತ ಮಂದಿಯೇ ಓದುಗರು. ಈಗಿನ ಕತೆಗಳಿಗೂ ಹಿಂದೊಂದು ಮುಂದೊಂದು ಬೋರ್ಡು ಇರುತ್ತದೆಂದು ಬಸ್ಸಿಗೆಲ್ಲ ಕೇಳುವಂತೆ ವಿವರಿಸಿದ.

“ಮತ್ತ ನಾ ಯಾರ್ರಿ?” ಎಂದ ಕಂಡಕ್ಟರ್ ನಬಿಲಾಲ.

“ನೀವು ವಿಮರ್ಶಕರು.”

ಆ ಹಿಗ್ಗಿನಲ್ಲಿ ನಬಿಲಾಲ ಎರಡು ಸ್ಟಾಪಿಗೆ ಸೀಟಿ ಊದುವುದನ್ನೇ ಮರೆತ. ಇಳಿಯಬೇಕಾದವರು ಜಗಳ ತೆಗೆದು ಬಸ್ಸನ್ನು ಹಿಂದಕ್ಕೆ ತಿರುಗಿಸಿದರು.

ಬಾಗೇವಾಡಿ ಮುಟ್ಟಿದಾಗ ತಡವಾಗಿತ್ತು. ಆದರೂ ಗೆದ್ದೇಬಿಟ್ಟ ಧೈರ್ಯದಲ್ಲಿ ಸುನೀಲಕುಮಾರ ಹೋಟೆಲಿಗೆ ನುಗ್ಗಿ ಚಹಾ ಕುಡಿದೇ ಕಾಲೇಜಿಗೆ ಹೋದ.

ಒಳಗೆ ಮೂವರು ಹಿರಿಯರು ಅದೇ ಪ್ರಶ್ನೆ ಕೇಳಿದರು. ಅವನು ಬಸ್ಸಿನ ಉದಾಹರಣೆಯನ್ನು ಕೈ ಬೀಸಿ ಬೀಸಿ ಹೇಳಿದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಕಂಡಕ್ಟರ್ ವಿಮರ್ಶಕ, ಹೌದಲ್ರಿ?” ಎಂದರು ಅಧ್ಯಕ್ಷರು.

“ಹೌದ್ರಿ ಸರ್,” ಎಂದು ಉಬ್ಬಿದ.

“ನಿಮಗಿಂತ ಮೊದಲ ಬಂದ ಹೆಣ್ಮಗಳು ಇದನ್ನ ಹೇಳಿದ್ಲು. ಆಕೀನ್ನ ತಗೊಂಡೂ ಆತು. ನೀವು ಬಾಗಲ ಸಂದ್ಯಾಗ ನಿಂತು ಕೇಳಿದ್ರೇನು?”

ಹೊರಗೆ ಕಟ್ಟೆಯ ಮೇಲೆ ಹುಲಿಗೆವ್ವ ಕೂತಿದ್ದಳು. ಪಕ್ಕದಲ್ಲಿ ಸೊಸೆ ಸುಮಂಗಲಾ, ಕೈಯಲ್ಲಿ ನೇಮಕದ ಪತ್ರ.

“ನನ್ನ ಉದಾಹರಣಿ ನೀವು ಹೇಳಿಬಿಟ್ರಲ್ರಿ ಮೇಡಂ,” ಎಂದ ಸುನೀಲಕುಮಾರ.

ಸುಮಂಗಲಾಗೆ ನಿಜವಾಗಿಯೂ ಆಶ್ಚರ್ಯವಾಯಿತು. “ನಿಮ್ದೆಲ್ಲೀದ್ರಿ ಸರ? ನಮ್ಮ ಅತ್ತೀದು.”

ಹುಲಿಗೆವ್ವ ಗಂಟು ಬಿಚ್ಚಿ, “ಮುಂಜಾನಿಂದ ಏನೂ ತಿಂದಂಗ ಕಾಣೂದಿಲ್ಲ, ಕೂಡೋ ತಮ್ಮಾ,” ಎಂದು ರೊಟ್ಟಿ ಮುಂದಿಟ್ಟಳು. ಶೇಂಗಾ ಚಟ್ನಿ ರುಚಿಯಾಗಿತ್ತು. ಯಾರ ಮೇಲೆ ಸಿಟ್ಟಾಗಬೇಕೆಂಬುದು ಎರಡನೆಯ ರೊಟ್ಟಿ ಮುಗಿದರೂ ಅವನಿಗೆ ತಿಳಿಯಲಿಲ್ಲ.