ಒಣಗಿದ ಬೇವಿಗೆ ಸಿಂಗಾರ

ಸುಮ್ಮನೆ ಮರ ನೋಡಿಕೊಂಡು ಬರೋಣ ಅಂತ ಹೊರಟರೂ ನಮಗೆ ದಿನಕ್ಕೊಂದು ಪ್ರಸಂಗ ಗಂಟು ಬೀಳುತ್ತದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಲಾರಿ ಕ್ಲೀನರು, ಬೋರ್‌ವೆಲ್ ಗಾಡಿ ಅಂತ ಊರೂರು ಅಲೆದವನು ನಾನು. ಈಗ ಅಕ್ಕನ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬೇವಿನ ಮರ ಸುತ್ತುತ್ತಿದ್ದೇನೆ. ಎಂ.ಎಸ್ಸಿ. ಮುಗಿಸಿದ್ದಾಳೆ. ನಮ್ಮ ಕಡೆ ಬೇವಿನ ತುದಿಗಳೆಲ್ಲ ಯಾಕೆ ಒಣಗುತ್ತಿವೆ ಅಂತ ಪಿಎಚ್‌ಡಿ ಮಾಡುವ ಆಸೆ. ಪ್ರೊಫೆಸರೇ ಬಂದು, ಅವಳು ಆರಿಸಿದ ಮರ ನೋಡಿ ಒಪ್ಪಿದರೆ ಸೀಟು. ನಮ್ಮ ಮನೆಯಲ್ಲಿ ಕಾಲೇಜು ಕಂಡವಳೇ ಅವಳೊಬ್ಬಳು. ನನಗೆ ಜಂಬ ಇರಲ್ವಾ?

ಕಡೂರಿನ ತಾತ

ರಸ್ತೆ ಬದಿಯ ಬೇವಿಗೆ ಅವಳು ಟೇಪು ಸುತ್ತುತ್ತಿದ್ದಳು. ಕುರಿ ಮೇಯಿಸುತ್ತಿದ್ದ ತಾತ ಓಡೋಡಿ ಬಂದ.

"ರೋಡ್ ಅಗಲ ಮಾಡ್ತೀರೇನವ್ವಾ? ಕಡೀಬೇಡ್ರವ್ವಾ, ನನಗಿರೋದು ಇದೊಂದೇ ನೆಳ್ಳು."

"ಇಲ್ಲ ತಾತ, ಮರ ಯಾಕೆ ಒಣಗ್ತೈತೆ ಅಂತ ನೋಡ್ತಿದೀವಿ."

ತಾತ ಅಂಗಿ ಎತ್ತಿ ಪಕ್ಕೆಲುಬು ತೋರಿಸಿದ. "ಹಂಗಾರೆ ನನಗೂ ಒಂದು ಸುತ್ತು ಹಾಕವ್ವಾ. ಇದಕ್ಕಿಂತ ಮೊದ್ಲೇ ಒಣಗಿರೋನು ನಾನು!"

ತರೀಕೆರೆಯ ಟೀ

ತರೀಕೆರೆಯಲ್ಲಿ ನನ್ನ ಹಳೇ ದೋಸ್ತನ ಟೀ ಅಂಗಡಿ. "ನಾವಿಬ್ರೂ ರಿಸರ್ಚ್ ಮಾಡ್ತಿದೀವಿ" ಅಂದೆ.

"ಲೇ, ನೀನಾ?"

ಹುಡುಗಿ ನನ್ನ ಪರ ನಿಂತಳು. "ಹೂಂ ಕಣಣ್ಣಾ. ಯಾವ ಮರ ಎಲ್ಲೈತೆ ಅಂತ ನಮ್ಮ ಮಾವಂಗೆ ಪೂರ್ತಿ ಗೊತ್ತು."

ಅವನು ಟೀ ಸೋಸುವುದನ್ನು ನಿಲ್ಲಿಸಿದ. "ಗೊತ್ತಿರ್ದೆ ಏನವ್ವಾ? ಈ ತಾಲ್ಲೂಕಲ್ಲಿ ಇವ್ನು ಕೆಳಗೆ ಮಲಗದೇ ಇರೋ ಮರ ಒಂದಾದ್ರೂ ಐತಾ?"

ನಮ್ಮೂರ ಮರ್ಯಾದೆ

ಕೊನೆಗೆ ಪ್ರೊಫೆಸರ್ ಬಂದರು. ಅಜ್ಜಂಪುರ ಸ್ಟೇಷನ್ನಿನಿಂದ ಆಟೋದಲ್ಲಿ ಪಕ್ಕದ ನಮ್ಮೂರಿಗೆ ಕರೆತಂದೆವು. ಊರ ಮುಂದೆ ಇಳಿದವಳೇ ಹುಡುಗಿ ಕಲ್ಲಾದಳು. ಅವಳು ತೋರಿಸಬೇಕಿದ್ದ ಬೇವಿನ ಮರಗಳಲ್ಲಿ ಒಂದು ಒಣಕಡ್ಡಿಯೂ ಇಲ್ಲ! ಕೊಂಬೆಗಳನ್ನೆಲ್ಲ ನೀಟಾಗಿ ಸವರಿ, ಬುಡಕ್ಕೆ ಸುಣ್ಣ ಬಳಿದು, ಮೇಲೊಂದು ಕೆಮ್ಮಣ್ಣಿನ ಪಟ್ಟೆ. ಮರಗಳು ಮದುವೆ ಮನೆಯ ಗೋಡೆಯಂತೆ ಮಿಂಚುತ್ತಿದ್ದವು.

ಅಕ್ಕ ಮಚ್ಚು ಹಿಡಿದೇ ಎದುರು ಬಂದಳು. "ದೊಡ್ಡೋರು ಬತ್ತಾರೆ, ಒಣಕಲು ಮರ ತೋರ್ಸಕಾಯ್ತದಾ? ಊರೋರೆಲ್ಲ ಸೇರಿ ಚೊಕ್ಕ ಮಾಡ್ಬಿಟ್ವಿ."

"ಅವ್ವಾ, ನನಗೆ ಬೇಕಿದ್ದಿದ್ದೇ ಆ ಒಣಕಲು! ಕೊಂಬೆ ಎಲ್ಲಿ?"

"ಒಲೇಲಿ ಕಣೇ. ಸಾಹೇಬ್ರಿಗೆ ಒಬ್ಬಟ್ಟು ಬೇಯ್ತಾ ಐತೆ."

ಸೀಟೂ ಒಲೆಗೆ ಹೋಯ್ತು ಅಂದುಕೊಂಡೆ. ಹುಡುಗಿ ಕಣ್ಣೊರೆಸಿಕೊಂಡಳು. "ಸಾರ್, ಊರಾಚೆ ಇದೇ ರೋಗದ ಮರಗಳಿವೆ, ಅವನ್ನ ಯಾರೂ ಮುಟ್ಟಿಲ್ಲ. ಒಣಗಿದ್ದನ್ನ ಸವರಿದ್ರೆ ಮರ ಉಳಿಯುತ್ತಾ ಅಂತ ಇವನ್ನೂ ಅವನ್ನೂ ಹೋಲಿಸಿ ನೋಡಬಹುದಲ್ವಾ?"

ಪ್ರೊಫೆಸರ್ ಮುಖ ಅರಳಿತು. "ಅದನ್ನೇ ಮಾಡಮ್ಮ. ನನ್ನ ಹತ್ರಾನೇ ಸೇರ್ಕೋ."

ನಾನು ಶಿಳ್ಳೆ ಹೊಡೆದೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಾಕು ಮರ ಸವರಿದ್ದಕ್ಕೆ ನನ್ ಮಗಳಿಗೆ ಸೀಟಾ? ಲೇ ತಮ್ಮಾ, ಏಣಿ ತಗೊಂಬಾರೋ! ಊರಾಚೇವನ್ನೂ ಸವರಿ, ನಿನಗೂ ಒಂದು ಕೊಡ್ಸಿಬಿಡ್ತೀನಿ!"